ತಂಗಿಯ ಆಪ್ಷನ್ ಎಂಟ್ರಿ

ಇದು ಗದಗಿನ ನಮ್ಮ ಮನೆಯ ಪಡಸಾಲೆ. ನೆಲದ ಮೇಲೆ ಹರಡಿರುವುದು ಹೋದ ವರ್ಷದ ಕಟ್‌ಆಫ್ ಪಟ್ಟಿಗಳು. ತಂಗಿಗೆ ಸಿಇಟಿ ರ‍್ಯಾಂಕ್ ಬಂದಿದೆ, ಎಂಜಿನಿಯರಿಂಗ್ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡುವ ಆಪ್ಷನ್ ಎಂಟ್ರಿಗೆ ಇನ್ನು ನಾಲ್ಕೇ ದಿನ. ಸೋದರಮಾವ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಬೆಂಗಳೂರು ಬಿಟ್ಟು ಬೇರೆ ಊರಿನ ಕಾಲೇಜು ಹಾಕಬೇಡ." ಯಾವ ಕಾಲೇಜು ಎಂದು ಅವರು ಕೇಳಲೇ ಇಲ್ಲ. ಧಾರವಾಡದಲ್ಲಿ ಓದಿದ ನನಗೆ ಆ ಮಾತು ಚುಚ್ಚಿತು.

ಮರುದಿನ ಬೆಳಿಗ್ಗೆ ತಂಗಿಯನ್ನು ಕರೆದುಕೊಂಡು ಹೊರಟೆ. ಈಗ ನೀವು ನೋಡುತ್ತಿರುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. 1949ರಲ್ಲಿ ಮುಂಬೈಯಲ್ಲಿ ಹುಟ್ಟಿ ಮರುವರ್ಷ ಇಲ್ಲಿಗೆ ಬಂದ ಸಂಸ್ಥೆ. ಡಿ.ಸಿ. ಪಾವಟೆಯವರು ಕುಲಪತಿಯಾಗಿ ಇದನ್ನು ಕಟ್ಟಿ ಬೆಳೆಸಿದರು. ವಚನ ಸಾಹಿತ್ಯದ ಸಂಶೋಧಕ ಎಂ.ಎಂ. ಕಲಬುರ್ಗಿಯವರು ಪಾಠ ಹೇಳಿದ್ದು ಇಲ್ಲಿಯೇ. ನನ್ನ ತಂದೆಯ ಕಾಲದಲ್ಲಿ "ಯಾರ ಶಿಷ್ಯ ನೀನು?" ಎಂದು ಕೇಳುತ್ತಿದ್ದರು. ಮೈಸೂರಿನಲ್ಲೂ ಹಾಗೆಯೇ. 1916ರ ಆ ವಿಶ್ವವಿದ್ಯಾಲಯಕ್ಕೆ ಕುವೆಂಪು ಕುಲಪತಿಯಾಗಿದ್ದರು, ಮಾನಸಗಂಗೋತ್ರಿ ಎಂಬ ಹೆಸರನ್ನು ಕೊಟ್ಟವರೂ ಅವರೇ. ಆಗ ಮೇಷ್ಟರ ಹೆಸರೇ ಕಾಲೇಜಿನ ಹೆಸರಾಗಿತ್ತು.

ಈಗ ಪ್ರಶ್ನೆ ಒಂದೇ: "ಪ್ಯಾಕೇಜ್ ಎಷ್ಟು?"

ಬಸ್ಸಿನಲ್ಲಿ ತಂಗಿ ಪಟ್ಟಿ ತೆಗೆದು ತೋರಿಸಿದಳು. ಬೆಂಗಳೂರಿನ ಬಿ.ಎಂ.ಎಸ್. ಆರಂಭವಾದದ್ದು 1946ರಲ್ಲಿ, ಮೈಸೂರಿನ ಎನ್.ಐ.ಇ. ಕೂಡ ಅದೇ ವರ್ಷ. ಹುಬ್ಬಳ್ಳಿಯ ಬಿ.ವಿ.ಬಿ. 1947ರದ್ದು. ಅದು ಈಗ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ, ಆದರೂ ನಮ್ಮ ಕಡೆ ಎಲ್ಲರ ಬಾಯಲ್ಲಿ ಇನ್ನೂ ಬಿ.ವಿ.ಬಿ.ಯೇ. ಮೂರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಆದರೆ ಕಂಪ್ಯೂಟರ್ ಸೈನ್ಸ್ ಸೀಟು ಮೊದಲು ಮುಗಿಯುವುದು ಬೆಂಗಳೂರಿನಲ್ಲಿ. "ಅಲ್ಲಿ ಪಾಠ ಅಷ್ಟು ಚೆನ್ನಾಗಿರುತ್ತದೆಯೇ ಅಕ್ಕಾ?" ಎಂದು ಕೇಳಿದಳು.

ಕಟ್‌ಆಫ್ ಅದನ್ನು ಹೇಳುವುದಿಲ್ಲ. ಹೋದ ವರ್ಷ ಯಾವ ರ‍್ಯಾಂಕಿನವರೆಗೆ ಸೀಟು ಸಿಕ್ಕಿತು ಎಂಬುದಷ್ಟೇ ಅದರಲ್ಲಿ ಇರುವುದು. ಅದನ್ನು ನೋಡಿಯೇ ಈ ವರ್ಷದ ಒಳ್ಳೆಯ ರ‍್ಯಾಂಕಿನವರು ಅದೇ ಕಾಲೇಜನ್ನು ಮೊದಲ ಸಾಲಿನಲ್ಲಿ ಬರೆಯುತ್ತಾರೆ. ಅವರನ್ನು ಹುಡುಕಿಕೊಂಡು ಕಂಪನಿಗಳು ಬರುತ್ತವೆ. ಸಂಬಳದ ಸುದ್ದಿ ಹರಡುತ್ತದೆ, ಮುಂದಿನ ವರ್ಷ ಸೀಟು ಇನ್ನೂ ಬೇಗ ಮುಗಿಯುತ್ತದೆ. ಕಂಪನಿಗಳ ಕಚೇರಿಗಳು ಬೆಂಗಳೂರಿನಲ್ಲೇ ಇರುವುದರಿಂದ ಈ ಗಾಣ ಅಲ್ಲಿ ಜೋರಾಗಿ ತಿರುಗುತ್ತದೆ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬಂದ ಮೇಲೆ ಸ್ವಾಯತ್ತವಲ್ಲದ ಅದರ ಕಾಲೇಜುಗಳಿಗೆಲ್ಲ ಒಂದೇ ಪಠ್ಯಕ್ರಮ, ಒಂದೇ ಪ್ರಶ್ನೆಪತ್ರಿಕೆ. ಬಾಗಲಕೋಟೆಯ ಹುಡುಗಿಯೂ ಬೆಂಗಳೂರಿನ ಹುಡುಗಿಯೂ ಒಂದೇ ಪರೀಕ್ಷೆ ಬರೆದರೂ ಹೆಸರು ಮಾತ್ರ ಒಂದಾಗಲಿಲ್ಲ.

ಬಸ್ಸಿಳಿದು ನಾವು ಹೋದ ಒಂದು ಖಾಸಗಿ ಕಾಲೇಜಿನ ಬಾಗಿಲಲ್ಲೇ ದೊಡ್ಡ ಫಲಕವಿತ್ತು, ಅದರಲ್ಲಿ ಅತಿ ಹೆಚ್ಚು ಸಂಬಳ ಪಡೆದ ಒಬ್ಬ ವಿದ್ಯಾರ್ಥಿಯ ಚಿತ್ರ. ಉಳಿದವರಿಗೆ ಸಾಮಾನ್ಯವಾಗಿ ಎಷ್ಟು ಸಿಕ್ಕಿದೆ ಎಂದು ಕೇಳಿದೆ. ಉತ್ತರದ ಬದಲು ಬಣ್ಣದ ಪುಸ್ತಿಕೆ ಕೈಗೆ ಬಂತು. ನನಗೆ ಸಿಟ್ಟು ಬಂದಿದ್ದು ನಿಜ. ಸಾಲ ಮಾಡಿ ಫೀಸು ಕಟ್ಟುವ ಮನೆಗಳಿಗೆ ಕೊಡುವ ಉತ್ತರ ಅದಲ್ಲ.

ಕೊನೆಯದಾಗಿ ಬೆಂಗಳೂರಿನ ಕೆ.ಆರ್. ವೃತ್ತ. ಈ ಹಳೆಯ ಕಟ್ಟಡ ಯುವಿಸಿಇ ಎಂಬ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ್ದು. ಖಾಸಗಿ ಕಾಲೇಜುಗಳ ಹೊಳಪು ಇಲ್ಲಿಲ್ಲ, ಫೀಸೂ ಅಷ್ಟಿಲ್ಲ. 2021ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಬಂತು, ಐಐಟಿಗಳ ಮಾದರಿಯಲ್ಲಿ ಬೆಳೆಸುವ ಉದ್ದೇಶದಿಂದ. ಸರ್ಕಾರ ಆ ಮಾತನ್ನು ಉಳಿಸಿಕೊಳ್ಳಲೇಬೇಕು. ತಂಗಿ ಪ್ರಯೋಗಾಲಯದ ಹೊರಗೆ ಇಬ್ಬರು ವಿದ್ಯಾರ್ಥಿನಿಯರನ್ನು ನಿಲ್ಲಿಸಿ ಅರ್ಧ ಗಂಟೆ ಮಾತಾಡಿದಳು: ತರಗತಿ ತಪ್ಪದೆ ನಡೆಯುತ್ತದೆಯೇ, ಉಪಕರಣವನ್ನು ಕೈಯಲ್ಲಿ ಹಿಡಿಯಲು ಬಿಡುತ್ತಾರೆಯೇ, ಹಾಸ್ಟೆಲ್ ಎಷ್ಟು ದೂರ.

ನಿನ್ನೆ ರಾತ್ರಿ ಅವಳೇ ಕುಳಿತು ಪಟ್ಟಿ ತುಂಬಿದಳು. ಮೊದಲು ಯುವಿಸಿಇ, ಆಮೇಲೆ ಎನ್.ಐ.ಇ., ಅದರ ಕೆಳಗೆ ಬಿ.ವಿ.ಬಿ. ಬೆಂಗಳೂರಿನ ಉಳಿದ ಹೆಸರುಗಳೆಲ್ಲ ಅವುಗಳ ನಂತರ. ಅವ್ವ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಓದಿ, "ನಿಮ್ಮ ಮಾವನಿಗೆ ಏನು ಹೇಳುತ್ತೀಯ?" ಎಂದು ಕೇಳಿದಳು.

"ನಾನೇ ಫೋನ್ ಮಾಡುತ್ತೇನೆ" ಎಂದಳು ತಂಗಿ.