ಒಂದು ಟೋಪಿ, ಒಂದು ಲಾರಿ

ನಮಸ್ಕಾರ. ರಾತ್ರಿ ಹೊತ್ತು ಘಾಟಿಯಲ್ಲಿ ಕಾರು ಓಡಿಸಿದ್ದೀರಾ? ಹಿಂದೆ ಒಂದು ಲಾರಿ ಬರುತ್ತಿರುತ್ತದೆ. ಅದರ ಲೈಟು ನಿಮ್ಮ ಕನ್ನಡಿ ತುಂಬ. ದಾರಿ ಬಿಡೋಣ ಅಂದರೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅವನಿಗೆ ಅರ್ಜೆಂಟಾ, ನನ್ನ ಮೇಲೇ ಸಿಟ್ಟಾ ಅಂತ ಒಂದು ಕ್ಷಣ ಅನುಮಾನ ಬಂದುಬಿಡುತ್ತದೆ ಅಲ್ವಾ?

1963ರ ನವೆಂಬರ್ 22. ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾದ ದಿನ. ಲೇಖಕ ರಿಚರ್ಡ್ ಮ್ಯಾಥಿಸನ್ ಗೆಳೆಯ ಜೆರ್ರಿ ಸೋಲ್ ಜೊತೆ ಗಾಲ್ಫ್ ಆಡುತ್ತಿದ್ದರು. ಸುದ್ದಿ ಕೇಳಿ, ಆಟ ಬಿಟ್ಟು ಮನೆಗೆ ಹೊರಟರು. ಕಿರಿದಾದ ದಾರಿಯಲ್ಲಿ ಒಂದು ಟ್ರಕ್ ಅವರ ಬೆನ್ನು ಹತ್ತಿತು. ಬೇರೆಯವರಾಗಿದ್ದರೆ ನಾಲ್ಕು ಮಾತು ಬೈದು ಮರೆತುಬಿಡುತ್ತಿದ್ದರು. ಇವರು ಮರೆಯಲಿಲ್ಲ. 1971ರಲ್ಲಿ ಅದು ಕಥೆಯಾಯಿತು, ಅದೇ ವರ್ಷ 'ಡ್ಯೂಯಲ್' ಅನ್ನೋ ಟಿವಿ ಸಿನಿಮಾನೂ ಆಯಿತು. ಚಿತ್ರಕಥೆ ಅವರದೇ. ನಿರ್ದೇಶಕ 24 ವರ್ಷದ ಒಬ್ಬ ಹುಡುಗ, ಹೆಸರು ಸ್ಟೀವನ್ ಸ್ಪೀಲ್‌ಬರ್ಗ್. ಅದರಲ್ಲಿ ಡ್ರೈವರ್ ಮುಖವೇ ಕಾಣುವುದಿಲ್ಲ. ಕಿಟಕಿಯಿಂದ ಚಾಚಿದ ಒಂದು ಕೈ, ಒಂದು ಜೊತೆ ಬೂಟು, ಅಷ್ಟೇ.

ಮ್ಯಾಥಿಸನ್ ಅರವತ್ತು ವರ್ಷ ಬರೆದರು. ಕಾದಂಬರಿ, ಸಣ್ಣಕಥೆ, ಟಿವಿ, ಸಿನಿಮಾ, ಲೆಕ್ಕ ಇಡೋದೇ ಕಷ್ಟ. ಆದರೆ ಕೈಚಳಕ ಒಂದೇ ಅಂತ ನನಗನ್ನಿಸುತ್ತದೆ. ಕಣ್ಣಿಗೆ ಬಿದ್ದ ಸಣ್ಣ ಸಂಗತಿಯನ್ನು ಹಿಡಿಯುತ್ತಿದ್ದರು, ಸುಮ್ನೆ ಅದನ್ನು ಉಬ್ಬಿಸುತ್ತಿರಲಿಲ್ಲ.

ಟೋಪಿ ವಿಷಯ ಕೇಳಿ. ಯಾವುದೋ ಹಾಸ್ಯ ಸಿನಿಮಾದಲ್ಲಿ ನಟ ಸಿಟ್ಟಿನಿಂದ ಹೊರಡುವಾಗ ಬೇರೆಯವನ ಟೋಪಿ ಹಾಕಿಕೊಳ್ಳುತ್ತಾನೆ, ಅದು ಕಿವಿವರೆಗೂ ಇಳಿಯುತ್ತದೆ. ಥಿಯೇಟರಲ್ಲಿ ಎಲ್ಲರೂ ನಕ್ಕಿರಬೇಕು. ಇವರಿಗೆ ಹೊಳೆದದ್ದು ಬೇರೆ: ಅದು ತನ್ನದೇ ಟೋಪಿ ಆಗಿದ್ದರೆ? ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ ಕೂತು, ವಾರಕ್ಕೆ ಒಂದು ಇಂಚು ಕುಗ್ಗುವ ಮನುಷ್ಯನ ಕಥೆ ಬರೆದರು. ಅವನೂ ಕೊನೆಗೆ ನೆಲಮಾಳಿಗೆಯಲ್ಲೇ ಸಿಕ್ಕಿಬೀಳುತ್ತಾನೆ, ಒಂದು ಜೇಡದ ಜೊತೆ. ಸ್ಟುಡಿಯೋಗೆ ಹಕ್ಕು ಮಾರುವಾಗ ಷರತ್ತು ಹಾಕಿದರು: ಚಿತ್ರಕಥೆ ನಾನೇ ಬರೀತೀನಿ. ಹಾಲಿವುಡ್ಡಿಗೆ ಬಾಗಿಲು ತೆರೆದದ್ದು ಹಾಗೆ. ಶಭಾಷ್ ಅನ್ನಬೇಕು.

ಆದರೆ ನನಗೆ ಹೊಟ್ಟೆ ಉರಿಯೋದು 1954ರ 'ಐ ಆಮ್ ಲೆಜೆಂಡ್' ವಿಷಯದಲ್ಲಿ. ಹುಡುಗನಾಗಿದ್ದಾಗ ಡ್ರಾಕುಲಾ ಸಿನಿಮಾ ನೋಡಿ, ಒಂದು ರಕ್ತಪಿಶಾಚಿಗೇ ಇಷ್ಟು ಭಯವಾದರೆ ಊರೆಲ್ಲ ಅವೇ ಆದರೆ ಹೇಗೆ ಅಂತ ಯೋಚಿಸಿದ್ದರಂತೆ. ಕಾದಂಬರಿಯಲ್ಲಿ ಉಳಿಯೋನು ಒಬ್ಬನೇ ಮನುಷ್ಯ. ಹಗಲು ಹೊತ್ತು ಮನೆಮನೆ ನುಗ್ಗಿ ಪಿಶಾಚಿಗಳನ್ನು ಕೊಲ್ಲುತ್ತಾನೆ. ಕೊನೆಗೆ ಗೊತ್ತಾಗುತ್ತದೆ, ಅವರೂ ಹೊಸದೊಂದು ಸಮಾಜ ಕಟ್ಟಿಕೊಂಡಿದ್ದಾರೆ ಅಂತ. ಅವರ ಪಾಲಿಗೆ ಇವನೇ ಅಜ್ಜಿಕಥೆಯ ರಾಕ್ಷಸ. ಹೆಸರಿನ ಅರ್ಥವೇ ಅದು! (ಸ್ಪಾಯ್ಲರ್ ಅಂತ ಬೈಬೇಡಿ, ಪುಸ್ತಕಕ್ಕೆ 70 ದಾಟಿದೆ.) 2007ರ ವಿಲ್ ಸ್ಮಿತ್ ಸಿನಿಮಾ ಥಿಯೇಟರಿಗೆ ಬಂದಾಗ ಅದೇ ಮನುಷ್ಯ ಲೋಕಕ್ಕೆ ಔಷಧಿ ಕೊಟ್ಟು ಸಾಯೋ ಹೀರೋ ಆಗಿದ್ದ. ಕಥೆಯನ್ನು ತಲೆಕೆಳಗು ಮಾಡಿ, ಹೆಸರು ಮಾತ್ರ ಇಟ್ಟುಕೊಂಡರು.

ಇದೇ ಕಾದಂಬರಿ 1964ರಲ್ಲೂ 'ದಿ ಲಾಸ್ಟ್ ಮ್ಯಾನ್ ಆನ್ ಅರ್ತ್' ಅನ್ನೋ ಸಿನಿಮಾ ಆಗಿತ್ತು. ಸಿಕ್ಕಿದರೆ ನೋಡಿ, ಟೈಟಲ್ ಕಾರ್ಡ್ ಬಿಡಬೇಡಿ. ಚಿತ್ರಕಥೆ ಬರೆದವರಲ್ಲಿ ಲೋಗನ್ ಸ್ವಾನ್ಸನ್ ಅನ್ನೋ ಹೆಸರಿದೆ. ಹಾಗಂತ ಯಾರೂ ಇರಲಿಲ್ಲ. ಬೇರೆಯವರು ತಿದ್ದಿದ್ದು ಇಷ್ಟವಾಗದೆ ಮ್ಯಾಥಿಸನ್ ತಮ್ಮ ಹೆಸರು ತೆಗೆದು, ಅದನ್ನು ಹಾಕಿಸಿದ್ದರು.