ಬೋರ್ಡೊ ವೈನಿನ ಬಿರಡೆ ಯಾವಾಗ ತೆಗೆಯಬೇಕು?

ಕೇಳುಗರಿಗೆ ನಮಸ್ಕಾರ.

ವೈನ್ ಹಳೆಯದಾದಷ್ಟೂ ಚೆನ್ನ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ವೈನ್ ಮುಟ್ಟದವರೂ ಹೇಳುತ್ತಾರೆ. ಬಹುಪಾಲು ಇದು ಸುಳ್ಳು. ಫ್ರಾನ್ಸಿನ ವೈನಿನಲ್ಲೂ ಹೆಚ್ಚಿನದು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಬೇಕಾದದ್ದೇ. ಬೋಜೊಲೆ ನೂವೊ ಅಂತ ಒಂದಿದೆ. ಆ ವರ್ಷದ ಸುಗ್ಗಿಯ ದ್ರಾಕ್ಷಿಯದ್ದೇ ವೈನ್ ನವೆಂಬರ್ ತಿಂಗಳ ಮೂರನೇ ಗುರುವಾರ ಮಾರಾಟಕ್ಕೆ ಬಂದುಬಿಡುತ್ತದೆ. ಅದನ್ನು ಹತ್ತು ವರ್ಷ ಜೋಪಾನ ಮಾಡಿದರೆ ಏನೂ ಲಾಭವಿಲ್ಲ.

ಇಟ್ಟು ಕುಡಿಯುವ ವೈನಿನಲ್ಲಿ ದೊಡ್ಡ ಹೆಸರು ಫ್ರಾನ್ಸಿನ ನೈಋತ್ಯದ ಬೋರ್ಡೊ ಸೀಮೆಯದ್ದು. ಅಲ್ಲಿ ಜಿರೋಂದ್ ಅಳಿವೆಯ ಎಡದಂಡೆಯಲ್ಲಿ ಮೆಡಾಕ್ ಸೀಮೆ ಇದೆ. ಪೊಯಾಕ್, ಮಾರ್ಗೊ ಎಲ್ಲ ಅಲ್ಲಿನ ಊರುಗಳು. ಹರಳುಗಲ್ಲಿನ ನೆಲ. ಅಲ್ಲಿನ ಮುಖ್ಯ ದ್ರಾಕ್ಷಿ ಕ್ಯಾಬರ್ನೆ ಸೊವಿನ್ಯೋ, ಸಣ್ಣ ಹಣ್ಣು, ದಪ್ಪ ಸಿಪ್ಪೆ. ಆ ಸಿಪ್ಪೆ ಮತ್ತು ಬೀಜದಿಂದ ಟ್ಯಾನಿನ್, ಅಂದರೆ ಒಗರಿನ ಅಂಶ, ಬರುತ್ತದೆ. ಎಳೆಯ ಪೊಯಾಕ್ ವೈನನ್ನು ಒಂದು ಗುಟುಕು ಕುಡಿದರೆ ಹಸಿ ಅಡಿಕೆ ಅಗಿದ ಹಾಗೆ ಬಾಯೆಲ್ಲ ಒಗರು, ವಸಡು ಬಿಗಿಯುತ್ತದೆ.

ವರ್ಷ ಕಳೆದಂತೆ ಈ ಟ್ಯಾನಿನ್ ಬಣ್ಣದ ಕಣಗಳ ಜೊತೆ ಕೂಡಿಕೊಂಡು ಭಾರವಾಗಿ ತಳಕ್ಕೆ ಗಸಿಯಾಗಿ ಇಳಿಯುತ್ತದೆ. ಒಗರು ಮೆತ್ತಗಾಗುತ್ತದೆ. ಆದರೆ ಅದೇ ಹೊತ್ತಿಗೆ ಹಣ್ಣಿನ ರುಚಿಯೂ ಕರಗುತ್ತಾ ಬರುತ್ತದೆ. ಒಗರು ತಗ್ಗಿರಬೇಕು, ಹಣ್ಣು ಇನ್ನೂ ಉಳಿದಿರಬೇಕು. ಹದ ಅಂದರೆ ಇಷ್ಟೇ.

ಯಾವುದು ಮೊದಲು ಮುಗಿಯುತ್ತದೆ ಅನ್ನುವುದೇ ತೊಂದರೆ. 1975ರ ಸುಗ್ಗಿಯ ಬೋರ್ಡೊ ನೋಡಿ. ಟ್ಯಾನಿನ್ ಕಲ್ಲಿನಂತೆ ಗಟ್ಟಿ. ಇದು ಬಹಳ ಕಾಲ ಬಾಳುತ್ತದೆ ಅಂತ ಜನ ಕಾದರು. ಎಷ್ಟೋ ಬಾಟಲಿಗಳಲ್ಲಿ ಒಗರು ಇಳಿಯುವ ಮೊದಲೇ ಹಣ್ಣು ಒಣಗಿಹೋಗಿತ್ತು. 1982ರದ್ದು ಇದಕ್ಕೆ ಉಲ್ಟಾ. ಹಣ್ಣು ಚೆನ್ನಾಗಿ ಮಾಗಿದ ವರ್ಷ ಅದು. ಎಳೆಯದರಲ್ಲೇ ರುಚಿಯಾಗಿತ್ತು. ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ ಆಗಲೇ ಬಾಯಿತುಂಬ ಹೊಗಳಿದರು, ಇಷ್ಟು ಮೆತ್ತಗಿರುವುದು ಬಾಳುವುದಿಲ್ಲ ಅಂದವರೂ ಇದ್ದರು. ಒಳ್ಳೆಯ ತೋಟಗಳ ವೈನ್ 30 ವರ್ಷ ದಾಟಿಯೂ ಗಟ್ಟಿಯಾಗಿ ನಿಂತಿತು.

ಸರಿ, ಬಾಟಲಿ ಮುಂದಿದೆ. ನೋಡುವುದು ಹೇಗೆ? ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ಕೆಳಗಿಳಿಯಲಿ. ವೈನಿನ ಮಟ್ಟ ಬಾಟಲಿಯ ಕತ್ತಿನಲ್ಲಿದ್ದರೆ ಒಳ್ಳೆಯದು. ಹೆಗಲಿಗಿಂತ ಕೆಳಗೆ ಇಳಿದಿದ್ದರೆ ಒಳಗೆ ಗಾಳಿ ಆಡಿದೆ ಅಂತ ಲೆಕ್ಕ. ಹಳೆಯ ಬಿರಡೆ ಪುಡಿಪುಡಿಯಾಗುತ್ತದೆ, ಅದಕ್ಕೆ ಎರಡು ತೆಳು ಅಲಗಿನ ಸಾಧನ ಬರುತ್ತದೆ. ಅವಸರ ಬೇಡ. ಆಮೇಲೆ ಗ್ಲಾಸಿಗೆ ಸ್ವಲ್ಪ ಸುರಿದು, ಬಿಳಿ ಬಟ್ಟೆಯ ಮುಂದೆ ವಾಲಿಸಿ ಅಂಚು ನೋಡಿ. ಎಳೆಯದಾದರೆ ಅಂಚಿನವರೆಗೂ ನೇರಳೆ. ಹದಕ್ಕೆ ಬಂದದ್ದರ ನಡುವೆ ಕೆಂಪು, ಅಂಚು ಇಟ್ಟಿಗೆ ಬಣ್ಣ. ಪೂರ್ತಿ ಕಂದಾಗಿದ್ದರೆ ತಡವಾಗಿದೆ. ಮೂಗಿಗೆ ಹಣ್ಣಿನ ಜೊತೆಗೆ ಸೀಡರ್ ಮರ, ತಂಬಾಕು, ಚರ್ಮ, ಒದ್ದೆ ತರಗೆಲೆ, ಅಣಬೆ ಇವೆಲ್ಲ ಬರಬೇಕು. ಒದ್ದೆ ರಟ್ಟಿನ ವಾಸನೆ ಬಂದರೆ ಅದು ವಯಸ್ಸಿನ ದೋಷವಲ್ಲ, ಬಿರಡೆಯದ್ದು.

ಇಲ್ಲೊಂದು ಮೋಸ ಇದೆ. ಒಳ್ಳೆಯ ವೈನ್ ನಡುವಯಸ್ಸಿನಲ್ಲಿ ಕೆಲವು ವರ್ಷ ಬಾಯಿ ಮುಚ್ಚಿ ಕೂರುತ್ತದೆ. ವಾಸನೆಯೇ ಇಲ್ಲ. ಸತ್ತಿದೆ ಅನಿಸುತ್ತದೆ, ಅಲ್ವಾ? ಆಗ ನಾಲಿಗೆಯನ್ನೇ ಕೇಳಬೇಕು. ಗುಟುಕಿಗೆ ತೂಕವಿದ್ದು, ನುಂಗಿದ ಮೇಲೂ ಒಗರು ಉಳಿದರೆ ಅದು ಸುಮ್ನೆ ಮಲಗಿದೆ, ಉಳಿದ ಬಾಟಲಿ ಮುಟ್ಟಬೇಡಿ. ತೆಳ್ಳಗಾಗಿ, ಕೊನೆಗೆ ಬರೀ ಹುಳಿ ಉಳಿದರೆ ಮುಗಿದ ಕತೆ. ಇದಕ್ಕೇ ಅಲ್ಲಿನವರು 12 ಬಾಟಲಿಯ ಪೆಟ್ಟಿಗೆ ಕೊಂಡು, ಆಗಾಗ ಒಂದೊಂದು ತೆಗೆದು ನೋಡುತ್ತಾರೆ. ಯಾವ ವರ್ಷದ ವೈನ್ ಯಾವಾಗ ಕುಡಿಯಬೇಕು ಅನ್ನುವ ಪಟ್ಟಿಗಳು ಬೇಕಾದಷ್ಟಿವೆ, ನನಗೆ ಅವುಗಳ ಮೇಲೆ ಅಷ್ಟು ನಂಬಿಕೆಯಿಲ್ಲ. ಒಂದೇ ಪೆಟ್ಟಿಗೆಯ ಎರಡು ಬಾಟಲಿಗಳೇ 30 ವರ್ಷದ ಮೇಲೆ ಬೇರೆ ಬೇರೆ ಇರುತ್ತವೆ.

ಇಟ್ಟ ಜಾಗವೂ ಮುಖ್ಯ. 12-13 ಡಿಗ್ರಿ ತಂಪು, ಕತ್ತಲೆ, ಬಾಟಲಿ ಅಡ್ಡ ಮಲಗಿರಬೇಕು. ಒಂದೂವರೆ ಲೀಟರಿನ ದೊಡ್ಡ ಬಾಟಲಿ ನಿಧಾನವಾಗಿ ಮಾಗುತ್ತದೆ, ಅರ್ಧ ಬಾಟಲಿ ಬೇಗ. ಫ್ರಾನ್ಸಿನಿಂದ ತಂದದ್ದನ್ನು ಷೋಕೇಸಿನಲ್ಲಿ ನಿಲ್ಲಿಸಿ ಮಗಳ ಮದುವೆಗೆ ಅಂತ ಇಡುವವರು ನಮ್ಮಲ್ಲಿದ್ದಾರೆ. ಬೆಂಗಳೂರಿನ ಏಪ್ರಿಲ್ ಬಿಸಿಲು ಮದುವೆಯ ತನಕ ಕಾಯುವುದಿಲ್ಲ.

ಬೋರ್ಡೊದ ಬಿಳಿ ವೈನಿನಲ್ಲಿ ಸೊತೆರ್ನ್ ಬೇರೆಯೇ ಜಾತಿ. ಬೂಷ್ಟು ಹಿಡಿದ ದ್ರಾಕ್ಷಿಯ ಸಿಹಿ ವೈನ್. ಅದರಲ್ಲಿ ಶಾತೊ ದಿಕೆಮ್ ಅನ್ನುವ ತೋಟದ್ದು ಒಳ್ಳೆಯ ವರ್ಷದ್ದಾದರೆ ನೂರು ವರ್ಷವೂ ನಿಲ್ಲಬಹುದು. ಅದಕ್ಕೆ ಈ ಮಾತೆಲ್ಲ ಅಷ್ಟಾಗಿ ಹೊಂದುವುದಿಲ್ಲ.

ಅನುಮಾನವಿದ್ದರೆ ಬೇಗ ತೆಗೆಯುವುದೇ ಮೇಲು ಅನ್ನುವವನು ನಾನು. ಒಗರು ಜಾಸ್ತಿ ಇದ್ದರೆ ಕುರಿಮಾಂಸದ ಜೊತೆ ಕುಡಿಯಬಹುದು. ಹೋದ ಹಣ್ಣನ್ನು ಮರಳಿ ತರುವ ಉಪಾಯ ಇಲ್ಲ. ಹಳೆಯ ಬಾಟಲಿಗೆ ಗಂಟೆಗಟ್ಟಲೆ ಗಾಳಿ ತೋರಿಸುವುದೂ ಬೇಡ. ಬೋರ್ಡೊದ ಹೆಸರಾಂತ ವೈನ್ ವಿಜ್ಞಾನಿ ಎಮಿಲ್ ಪೆಯ್ನೊ ಸಹ ಗಸಿ ಇದ್ದರೆ ಮಾತ್ರ, ಅದೂ ಬಡಿಸುವ ಹೊತ್ತಿಗೆ, ಬೇರೆ ಪಾತ್ರೆಗೆ ಬಗ್ಗಿಸಿ ಅನ್ನುತ್ತಿದ್ದರು. ತೆಗೆದದ್ದನ್ನು ಫ್ರಿಜ್‌ನಲ್ಲಿಟ್ಟು ನಾಳೆಗೆ ಉಳಿಸಬೇಡಿ. ನಾಲ್ಕು ಜನರನ್ನು ಕರೆದು ಅವತ್ತೇ ಮುಗಿಸಿ.

ನಮಸ್ಕಾರ.