ಬಸುರಿನ 30ನೇ ವಾರ: ರಾಗಿ ಅಂಬಲಿ, ಮಾತ್ರೆ ಗಲಾಟೆ

ರಾಗಿ ಕಲಸುವುದನ್ನು ಹೇಳುವುದಿಲ್ಲ, ವಿಡಿಯೋದಲ್ಲಿ ಕಾಣುತ್ತಿದೆ ಅಲ್ವಾ. ಗಂಟಾಗಿದೆ, ಅದೂ ಕಾಣುತ್ತಿದೆ, ಬಿಡಿ.

ಈ ಮಾತ್ರೆ ನೋಡಿ. ಕ್ಯಾಲ್ಸಿಯಂ. ನುಂಗಿದರೆ ಸೀಮೆಸುಣ್ಣ ನುಂಗಿದ ಹಾಗೆ. ಅದನ್ನಾದರೂ ಸಹಿಸಬಹುದು, ಆ ಮೆಡಿಕಲ್ ಶಾಪಿನವನನ್ನು ಮಾತ್ರ ಆಗಲ್ಲ. ಇದನ್ನೂ ಕಬ್ಬಿಣದ ಮಾತ್ರೆಯನ್ನೂ ಒಂದೇ ಕವರಿಗೆ ತುಂಬಿ, ಮೇಲೆ 'ರಾತ್ರಿ ಊಟದ ನಂತರ' ಅಂತ ಗೀಚಿ ಕೊಟ್ಟ. ನಾನೂ ಸುಮ್ನೆ ಒಂದೂವರೆ ತಿಂಗಳು ಎರಡನ್ನೂ ಒಂದೇ ಗುಟುಕಿನಲ್ಲಿ ನುಂಗಿದೆ. ಹಿಮೋಗ್ಲೋಬಿನ್ ಯಾಕೆ ಏರಿಲ್ಲ ಅಂತ ಡಾಕ್ಟರ್ ಕೇಳಿದಾಗ ಗುಟ್ಟು ಬಯಲಾಯಿತು. ಕ್ಯಾಲ್ಸಿಯಂ ಜೊತೆಗಿದ್ದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಎರಡು ಗಂಟೆಯಾದರೂ ಅಂತರ ಬೇಕು. ಕವರಿನ ಮೇಲೆ ಇನ್ನೊಂದು ಸಾಲು ಬರೆದಿದ್ದರೆ ಇಂಕು ಖಾಲಿಯಾಗುತ್ತಿತ್ತಾ? ನಾನೂ ಕೇಳಲಿಲ್ಲ, ಅದು ನನ್ನ ತಪ್ಪು. ಆದರೂ ಸಿಟ್ಟು ಅವನ ಮೇಲೇ.

ತಕ್ಕಡಿ ನೋಡಿ, 30 ಗ್ರಾಂ ಹಿಟ್ಟು. ತಿಂಗಳು ತುಂಬಿ ಹುಟ್ಟುವ ಮಗುವಿನ ಮೈಯಲ್ಲಿ ಕ್ಯಾಲ್ಸಿಯಂ ಹೆಚ್ಚುಕಡಿಮೆ ಇಷ್ಟೇ ತೂಕ. ಅದರಲ್ಲಿ ಮುಕ್ಕಾಲಿಗೂ ಜಾಸ್ತಿ ಕೊನೆಯ ಮೂರು ತಿಂಗಳಲ್ಲೇ ಹೋಗುವುದು, ಅಂದರೆ ಈಗ. ದಿನಕ್ಕೆ ಸುಮಾರು 300 ಮಿಲಿಗ್ರಾಂ.

ಅದೂ ತಾನಾಗಿ ಹರಿಯುವುದಿಲ್ಲ. ಮಗುವಿನ ರಕ್ತದಲ್ಲಿ ಕ್ಯಾಲ್ಸಿಯಂ ನಮ್ಮದಕ್ಕಿಂತ ಜಾಸ್ತಿ ಇರುತ್ತದೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸಿದ ಹಾಗೆ ಏರಿಸಬೇಕು. ಮೋಟರ್ ಕೆಲಸ ಪ್ಲಾಸೆಂಟಾದ್ದು, ನಮ್ಮಜ್ಜಿ ಮಾಸು ಅನ್ನುತ್ತಿದ್ದರಲ್ಲ, ಅದು. ಅದರ ಜೀವಕೋಶ ಈ ಕಡೆಯ ಬಾಗಿಲಿಂದ ಒಳಗೆ ಬಿಟ್ಟುಕೊಳ್ಳುತ್ತದೆ, ಒಂದು ಪ್ರೋಟೀನ್ ಹೊತ್ತು ದಾಟಿಸುತ್ತದೆ, ಆ ಕಡೆ ಪಂಪು ತಳ್ಳುತ್ತದೆ. ನಮ್ಮ ಬಿಲ್ಡಿಂಗ್ ಮೋಟರ್ ಮೂರು ದಿನದಿಂದ ಕೆಟ್ಟಿದೆ, ಆ ಕತೆ ಬೇಡ.

ಮಗು ಹಲ್ಲಿನಿಂದ ಸುಣ್ಣ ಎಳೆಯುತ್ತದೆ ಅನ್ನುತ್ತಾರೆ ನಮ್ಮತ್ತೆ. ಹಲ್ಲಿನಿಂದಲ್ಲ. ಊಟದಲ್ಲಿ ಸಾಲದಿದ್ದರೆ ಮೂಳೆಯಿಂದ ಹೋಗುತ್ತದೆ. ಹಾಗಂತ ಗಾಬರಿ ಬೇಡ, ಬಸುರಿಯಲ್ಲಿ ನಮ್ಮ ಕರುಳು ಕ್ಯಾಲ್ಸಿಯಂ ಹೀರುವುದೇ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಹೋದ ವಿಡಿಯೋದಲ್ಲಿ ರಾಗಿ ಇದ್ದರೆ ಮಾತ್ರೆ ಯಾಕೆ ಅಂದಿದ್ದೆ. ವಾಪಸ್ ತೆಗೆದುಕೊಂಡೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ನಿಜ, ಆದರೆ ದಿನಾ ಅಷ್ಟು ತಿನ್ನುವವರು ಯಾರು? ಊಟದಲ್ಲಿ ಕಡಿಮೆ ಬಿದ್ದವರಿಗೆ ಈ ಮಾತ್ರೆ ಬಸುರಿಯಲ್ಲಿ ಬರುವ ಬಿಪಿ ತೊಂದರೆಯನ್ನೂ ತಗ್ಗಿಸುತ್ತದೆ. ಸರ್ಕಾರಿ ಲೆಕ್ಕದಲ್ಲೂ 500 ಮಿಲಿಗ್ರಾಂನದು ದಿನಕ್ಕೆ ಎರಡು.

ಅಯ್ಯೋ, ಶಾಟ್ ಮುಗಿಯಿತು. ಉಪ್ಪು ಹಾಕಿದ್ದು ಕಟ್ ಆಗಿದೆ, ಹಾಕಿದ್ದೇನೆ, ಕಾಮೆಂಟಲ್ಲಿ ಕೇಳಬೇಡಿ.